ಚಕ್ಕಡಿಯ ಮೇಲೆ ಗ್ರೀಕ್ ರಾಜಕುಮಾರಿ

ಮೊನ್ನೆ ನಮ್ಮ ಓಣಿಯ ಹುಡುಗಿಯೊಬ್ಬಳು ಪೇಢೆಯ ಪೊಟ್ಟಣ ಹಿಡಿದುಕೊಂಡು ಮನೆಗೆ ಬಂದಳು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಆರ್ಡರ್ ಬಂದಿದೆಯಂತೆ. ಮುಖದಲ್ಲಿ ಖುಷಿಗಿಂತ ಹೆದರಿಕೆಯೇ ಹೆಚ್ಚಿತ್ತು. "ಮೇಡಂ, ಅಲ್ಲಿ ಪ್ರೊಜೆಕ್ಟರ್ ಕೆಟ್ಟೈತಂತ್ರಿ. ಗ್ರೀಕ್ ನಾಟಕ, ಇಟಲಿ ಚಿತ್ರಕಲಾ, ಇವನ್ನೆಲ್ಲಾ ಹೆಂಗ ಹೇಳಿಕೊಡ್ಲಿ?" ಎಂದಳು. ನನಗೆ ಸಿಟ್ಟೂ ಬಂತು, ನಗುವೂ ಬಂತು. "ನಮ್ಮ ಕಾಲದಾಗ ಪ್ರೊಜೆಕ್ಟರ್ ಕೆಡತಿರಲಿಲ್ಲವಾ. ಇದ್ದರಲ್ಲ ಕೆಡೂದು!" ಎಂದೆ.

ಆಕೆ ಹೋದ ಮೇಲೆ, ಆಕೆಯಂತೆ ಹೊಸದಾಗಿ ಪಾಠಕ್ಕೆ ನಿಲ್ಲುವವರಿಗಾಗಿ ಈ ಬರೆಹಕ್ಕೆ ಕೂತಿದ್ದೇನೆ. ಬಡ್ತಿ, ಪಿಂಚಣಿ, ವರ್ಗಾವಣೆಗಳ ವಿಚಾರ ನನ್ನನ್ನು ಕೇಳಬೇಡಿ, ಆಫೀಸಿನಲ್ಲಿ ಕೇಳಿ. ಪಾಠ ಮಾಡುವಾಗ ಏನೇನು ಆಗುತ್ತದೆ ಅನ್ನುವುದನ್ನು ಮಾತ್ರ ನಾನು ಹೇಳಬಲ್ಲೆ. ಅದರಲ್ಲೂ ದಾಂಡೇಲಿಯ ಆ ಮೊದಲ ವರ್ಷದ್ದು.

ಅದು ಅರವತ್ತರ ದಶಕ. ದಾಂಡೇಲಿಯಲ್ಲಿ ಕಾಲೇಜು ಹೊಸದು. ನನ್ನಪ್ಪ ಜೊಯಿಡಾದ ಅರಣ್ಯ ಕಚೇರಿಯಲ್ಲಿ ಕಾರಕೂನರಾಗಿದ್ದರು. ನಾನು ಧಾರವಾಡದಲ್ಲಿ ಓದು ಮುಗಿಸಿ ಬಂದು ಇನ್ನೂ ಟ್ರಂಕಿನ ಬೀಗ ತೆಗೆದಿರಲಿಲ್ಲ, ಅಷ್ಟರಲ್ಲಿ ಕೆಲಸಕ್ಕೆ ಕರೆ ಬಂತು. ನಮ್ಮ ಪ್ರಿನ್ಸಿಪಾಲರು ಕುಲಕರ್ಣಿ ಅಂತ. ಸಂಸ್ಕೃತದ ಪಂಡಿತರು, ಕರಿ ಕೋಟು, ಬೆರಳ ತುದಿಯಲ್ಲಿ ಸದಾ ನಸ್ಯ. ಬಿ.ಎ. ಹುಡುಗರಿಗೆ 'ಪಾಶ್ಚಾತ್ಯ ಸಾಹಿತ್ಯ ಮತ್ತು ಕಲೆ' ಎಂಬ ಹೊಸ ಐಚ್ಛಿಕ ವಿಷಯವನ್ನು ನನಗೆ ಒಪ್ಪಿಸಿದರು. ಒಪ್ಪಿಸುವಾಗಲೇ ತಲೆಯ ಮೇಲೆ ಕತ್ತಿಯನ್ನೂ ತೂಗುಹಾಕಿದರು.

"ನೋಡವಾ, ಒಂದು ವರ್ಷ ನೋಡ್ತೀನಿ. ಕೂತ ಹುಡುಗರು ಕೂತಂಗ ಎರಡನೇ ವರ್ಷಕ್ಕ ಬಂದ್ರ ವಿಷಯ ಉಳೀತದ. ಒಬ್ಬರು ಬಿಟ್ಟರೂ ಬಂದ್. ಆಮ್ಯಾಲೆ ನೀ ವ್ಯಾಕರಣ ಹೇಳಿಕೋತ ಕೂಡು."

ಕೂತಿದ್ದವರಾದರೂ ಎಷ್ಟು? ಒಂದು ಬೆಂಚು ತುಂಬಿ ಇನ್ನೊಂದರ ಮೇಲೆ ಚೂರು ಚೆಲ್ಲುವಷ್ಟು. ಅವರಲ್ಲಿ ಮೂವರನ್ನು ನೀವು ನೆನಪಿಡಬೇಕು. ಕುಂಬಾರವಾಡದ ವಿಠೋಬಾ, ಮನೆಮಾತು ಕೊಂಕಣಿ, ಬಾಯಿ ತೆರೆದರೆ ಮುಚ್ಚುವವನಲ್ಲ. ಮುಂಡಗೋಡ ಕಡೆಯ ಫಕೀರಪ್ಪ, ರೈತರ ಮಗ, ಊರ ಭಜನೆಯಲ್ಲಿ ಹಾಡುವವನು, ಮಾತು ಕಡಿಮೆ. ಇನ್ನೊಬ್ಬಳು ಹಳಿಯಾಳದ ನೀಲವ್ವ, ಬೆಲ್ಲದ ವ್ಯಾಪಾರಿ ಶಿವಲಿಂಗಪ್ಪನವರ ಮಗಳು, ಇಡೀ ತರಗತಿಗೆ ಒಬ್ಬಳೇ ಹುಡುಗಿ. ದಿನಾ ಹಳಿಯಾಳದಿಂದ ಬಸ್ಸಿನಲ್ಲಿ ಬರುತ್ತಿದ್ದಳು.

ಮೊದಲ ವಾರ ನಾನು ಮಾಡಿದ್ದೇನು? ಧಾರವಾಡದಲ್ಲಿ ನಮಗೆ ಬರೆಸಿದ್ದನ್ನೇ ಇವರಿಗೆ ಬರೆಸಿದೆ. ದುರಂತ ನಾಟಕದ ಲಕ್ಷಣಗಳು, ಒಂದು, ಎರಡು, ಮೂರು. ಹುಡುಗರು ತಲೆ ತಗ್ಗಿಸಿ ಬರೆದರು. ನೀಲವ್ವ ನಡುವೆಯೇ ಪೆನ್ನು ಕೆಳಗಿಟ್ಟಳು.

"ಬಾಯಾರ, ಒಂದು ಕೇಳ್ಲೇನ್ರಿ?"

"ಕೇಳವಾ."

"ಇದರಾಗ ನಾಟಕ ಎಲ್ಲೈತ್ರಿ?"

ಹುಡುಗರು ಕಿಸಕ್ಕನೆ ನಕ್ಕರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಎಲ್ಲರಿಗೂ ಗೊತ್ತು. ಆದರೆ ಆ ದಿನ ಬಯ್ಯುವ ಬದಲು ನನ್ನ ನೋಟ್ಸನ್ನೇ ಮಡಚಿಟ್ಟೆ. ಹುಡುಗಿ ಕೇಳಿದ್ದು ಖರೇ ಇತ್ತು. ಮರುದಿನದಿಂದ ಬರೆಸುವುದು ಬಂದ್. ಗ್ರೀಕರ ನಾಟಕ ಹೇಳಬೇಕಾದರೆ ಬೆಂಚುಗಳನ್ನು ಗೋಡೆಗೆ ಸರಿಸಿ, ಎಲ್ಲರನ್ನೂ ಎಬ್ಬಿಸಿ ನಿಲ್ಲಿಸುತ್ತಿದ್ದೆ. "ನೀವು ಮ್ಯಾಳ, ಅಂದ್ರ ಊರ ಮಂದಿ. ರಾಜ ತಪ್ಪು ಮಾಡಿದಾಗ ನಿಮಗ ಕಾಣತೈತಿ, ಆದ್ರ ತಡೀಲಿಕ್ಕೆ ಆಗೂದಿಲ್ಲ. ಒಟ್ಟಿಗೆ ಹೇಳ್ರಿ!" ಅವರು ಹೇಳುವ ಅಬ್ಬರಕ್ಕೆ ಪಕ್ಕದ ಕೋಣೆಯ ಅರ್ಥಶಾಸ್ತ್ರದವರು ಬಂದು ಕಿಟಕಿ ಬಡಿಯುತ್ತಿದ್ದರು. ಕಾಗದ ಕಾರ್ಖಾನೆಯ ಭೋಂಗಾ ಕೂಗಿದರೆ ಮಾತ್ರ ನಾವು ಸುಮ್ಮನಾಗುತ್ತಿದ್ದೆವು, ಅದರ ಮುಂದೆ ಯಾವ ಗ್ರೀಕನ ಗಂಟಲೂ ನಡೆಯುತ್ತಿರಲಿಲ್ಲ.

ಇನ್ನು ಚಿತ್ರಕಲೆ. ಅದರ ಕಥೆ ಕೇಳಿದರೆ ನೀವು ನಗುತ್ತೀರಿ, ನಗಿರಿ. ಬಿದಿರು ತುಂಬಿದ ಲಾರಿಗಳು ದಿನವಿಡೀ ಕಾಲೇಜಿನ ಮುಂದೆ ಹೋಗುತ್ತಿದ್ದವು. ದೇಶಕ್ಕೆಲ್ಲ ಕಾಗದ ಕಳಿಸುವ ಊರು ನಮ್ಮದು, ನಮ್ಮ ಲೈಬ್ರರಿಯಲ್ಲಿ ಮಾತ್ರ ಒಂದೇ ಒಂದು ಕಪಾಟು! ಅದರಲ್ಲಿ ಪಾಶ್ಚಾತ್ಯ ಚಿತ್ರಗಳದು ಒಂದೇ ಪುಸ್ತಕ, ಅದೂ ಕಪ್ಪು ಬಿಳುಪು. ಅದನ್ನು ಎತ್ತಿ ಹಿಡಿದು ಇಟಲಿಯ ಬಣ್ಣಗಾರಿಕೆ ವರ್ಣಿಸುವುದು ನನ್ನ ಕೆಲಸ. ಒಂದು ಚಿತ್ರದಲ್ಲಿ ಹೆಂಗಸೊಬ್ಬಳು ನಿಲುವಂಗಿ ತೊಟ್ಟು ಕಿಟಕಿಯ ಬಳಿ ಕೂತಿದ್ದಳು.

"ಆಕೀ ಅಂಗಿ ಯಾವ ಬಣ್ಣ ಇರಬೇಕ್ರಿ?" ವಿಠೋಬಾ ಕೇಳಿದ.

"ನೀಲಿ," ಎಂದೆ, ಕಣ್ಣು ಮಿಟುಕಿಸದೆ. ಅಷ್ಟಕ್ಕೆ ಬಿಟ್ಟೆನೇ? ಆ ನೀಲಿ ಯಾಕೆ, ಅದರಿಂದ ಅವಳ ಮನಸ್ಸಿನ ಶಾಂತಿ ಹೇಗೆ ಕಾಣುತ್ತದೆ ಅಂತ ಗಂಟೆ ಹೊಡೆಯುವ ತನಕ ಕೊರೆದೆ.

ಮಳೆಗಾಲ ಮುಗಿಯುವ ಹೊತ್ತಿಗೆ ವಿಠೋಬಾ ಓಡಿಕೊಂಡು ಬಂದ. ಅವನ ಸೋದರಮಾವ ಗೋವಾದಿಂದ ಒಂದು ಬಣ್ಣದ ಕಾರ್ಡು ತಂದಿದ್ದನಂತೆ. ಅದೇ ಚಿತ್ರ, ಅದೇ ಹೆಂಗಸು. ಅಂಗಿ ಮಾತ್ರ ಕೆಂಪು ಅಂದರೆ ಕೆಂಪು, ಬ್ಯಾಡಗಿ ಮೆಣಸಿನಕಾಯಿ!

"ಬಾಯಾರ, ಶಾಂತಿ ಎಲ್ಲಿ ಹೋತ್ರಿ?" ಎಂದ ಹಲ್ಲು ಕಿರಿದು.

ಎಲ್ಲರೂ ಆ ಕಾರ್ಡಿನ ಮೇಲೆ ಮುಗಿಬಿದ್ದರು. ನಾನೂ ಮುಗಿಬಿದ್ದೆ, ಸುಳ್ಳು ಯಾಕೆ ಹೇಳಲಿ. ನನ್ನ ಜನ್ಮದಲ್ಲಿ ಆ ಚಿತ್ರವನ್ನು ಬಣ್ಣದಲ್ಲಿ ನೋಡಿದ್ದು ಅದೇ ಮೊದಲು. ಆ ಕೆಂಪಿನ ಪಕ್ಕದಲ್ಲಿ ಕಿಟಕಿಯ ಬೆಳಕು ಹಳದಿಯಾಗಿ ಉರಿಯುತ್ತಿತ್ತು. ನೀಲವ್ವ ಕಾರ್ಡನ್ನು ಕಣ್ಣ ಹತ್ತಿರ ಹಿಡಿದು ಕೊಡಲೇ ಒಲ್ಲಳು. "ಇಷ್ಟು ಕೆಂಪ ಹಾಕ್ಕೊಂಡಾಕಿ ಸುಮ್ಮನ ಕುಂತಿಲ್ರಿ, ಯಾರೋ ಬರ್ತಾರಂತ ದಾರಿ ಕಾಯಾಕತ್ತಾಳ," ಎಂದಳು. ಅಂದಿನಿಂದ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದನ್ನು ಕಲಿತೆ. ಹೊಸಬರೇ, ಇದನ್ನು ಗಂಟು ಹಾಕಿಕೊಳ್ಳಿ. ಹುಡುಗರು ನಿಮ್ಮನ್ನು ಕಡಿಮೆ ಮಾಡಿ ನೋಡುವುದಿಲ್ಲ, ಹುಡುಕಲು ಜೊತೆಗೆ ಬರುತ್ತಾರೆ.

ಇಷ್ಟು ಸಂಭ್ರಮದ ನಡುವೆ ಗ್ರಹಚಾರ ಕಲ್ಲಿನ ಮೂರ್ತಿಯ ರೂಪದಲ್ಲಿ ಬಂತು. ಗ್ರೀಕರ ಶಿಲ್ಪದ ಒಂದು ಚಿತ್ರ. ಈಟಿ ಎಸೆಯುವ ಗಂಡಸು, ಮೈಮೇಲೆ ಒಂದು ಚಿಂದಿ ಬಟ್ಟೆ ಇಲ್ಲ. ನೀಲವ್ವ ಅದನ್ನು ನೋಡಿ ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದಳು. ನೋಡಬೇಕಾದದ್ದು ಆ ಮೈಯ ತಿರುವು ಎಂದು ನಾನೇ ಹೇಳಿದ್ದೆ, ಅವಳು ತಿರುವನ್ನೇ ಚೆನ್ನಾಗಿ ಹಿಡಿದಿದ್ದಳು. ಮನೆಯಲ್ಲಿ ಅದು ಅಪ್ಪನ ಕಣ್ಣಿಗೆ ಬಿತ್ತು.

ಮರುದಿನವೇ ಶಿವಲಿಂಗಪ್ಪನವರು ಬಂದಿಳಿದರು. ಎತ್ತರದ ಆಳು, ಬಿಳಿ ರುಮಾಲು, ಹಣೆ ತುಂಬ ವಿಭೂತಿ. ಪ್ರಿನ್ಸಿಪಾಲರ ಕೋಣೆಯಲ್ಲಿ ಕೂಡಲೂ ಒಪ್ಪದೆ ನಿಂತೇ ಮಾತಾಡಿದರು.

"ನಾ ಮಗಳನ್ನ ಶ್ಯಾಣ್ಯಾಕಿ ಆಗಲಿ ಅಂತ ಕಳಿಸೀನ್ರಿ. ಬರೇಮೈ ಗಂಡಸರ ಚಿತ್ರ ತಗೀಲಿ ಅಂತ ಕಳಿಸಿಲ್ಲ."

"ಅದು ಕಲ್ಲಿನ ಮೂರ್ತಿರಿ," ಎಂದೆ ನಾನು. "ನಮ್ಮ ಗುಡಿ ಗ್ವಾಡಿ ಮ್ಯಾಲೂ ಅದಾವಲ್ರಿ."

"ಅದಾವು. ಅವನ್ನ ನಾವು ಮನಿಗೆ ಬರಕೊಂಡು ತರೂದಿಲ್ಲ!"

ಕುಲಕರ್ಣಿ ಸಾಹೇಬರು ನಸ್ಯ ಏರಿಸಿ ಸೀನಿದರು. ಕೊನೆಗೆ ಶಿವಲಿಂಗಪ್ಪನವರು ರುಮಾಲು ಸರಿಮಾಡಿಕೊಂಡು ತೀರ್ಪು ಕೊಟ್ಟರು. "ಆಕೀಗೆ ಒಂದು ವರ್ಷದ ಮಾತು ಕೊಟ್ಟೀನಿ, ಪರೀಕ್ಷಾ ಬರೀಲಿ. ಅಲ್ಲಿಗೆ ಸಾಕು. ಮುಂದಿನ ವರ್ಷ ಆಕಿ ಬರೂದಿಲ್ಲ. ನನ್ನ ಮಾತು ಅಂದ್ರ ಮಾತು."

ಅವರು ಹೋದ ಮೇಲೆ ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು. ಒಬ್ಬರು ಬಿಟ್ಟರೂ ಬಂದ್ ಎಂದಿದ್ದರಲ್ಲ, ಅದು ಇಬ್ಬರಿಗೂ ನೆನಪಿತ್ತು. ನನ್ನ ವಿಷಯ ಹೋಗುವುದು ಒಂದು ಕಡೆ ಇರಲಿ. ಆ ಕೆಂಪು ಅಂಗಿಯನ್ನು ನೋಡಿ ಹಾಗೆ ಮಾತಾಡಿದ ಹುಡುಗಿ ಮನೆಯಲ್ಲಿ ಕೂಡಬೇಕೆ? ಆಕೆ ಮಾತ್ರ ತರಗತಿಯಲ್ಲಿ ಅಳಲಿಲ್ಲ. "ಪರೀಕ್ಷಾ ಮಟ ಟೈಮ್ ಐತಲ್ರಿ, ಅಷ್ಟರಾಗ ಎಲ್ಲಾ ಕಲಿಸಿಬಿಡ್ರಿ," ಎಂದಳು. ಎಲ್ಲಾ ಅಂತೆ! ಎರಡು ಸಾವಿರ ವರ್ಷದ್ದು!

ಆಗ ನನಗೆ ನಾಟಕ ಹೊಳೆಯಿತು. ಗ್ರೀಕರ ರೀತಿಯಲ್ಲಿ ನಾವೇ ಒಂದು ದುರಂತ ನಾಟಕ ಕಟ್ಟೋಣ, ಊರಿಗೆ ತೋರಿಸೋಣ, ಶಿವಲಿಂಗಪ್ಪನವರೂ ನೋಡಲಿ, ನಾವು ಕಲಿಯುವುದೇನು ಅಂತ. ಹುಡುಗರು ಕುಣಿದಾಡಿದರು. ಕಥೆಯನ್ನು ಎಲ್ಲರೂ ಸೇರಿ ಹೆಣೆದೆವು. ಒಂದು ದ್ವೀಪದ ರಾಜ. ಬರಗಾಲದಲ್ಲಿ ಕೋಟೆಯ ಬಾಗಿಲು ಯಾರೂ ತೆರೆಯಕೂಡದು, ತೆರೆದವರಿಗೆ ವಿಷ ಎಂದು ಸಾರುತ್ತಾನೆ. ಹೊರಗೆ ಹಸಿದ ಜನರ ಕೂಗು ಕೇಳಲಾರದೆ ಬಾಗಿಲು ತೆರೆಯುವವಳು ಅವನ ಮಗಳೇ. ಆಡಿದ ಮಾತು ಹಿಂದೆ ತೆಗೆದುಕೊಳ್ಳಲಾರದೆ ಆ ಅಪ್ಪ ಮಗಳನ್ನು ಕಳೆದುಕೊಳ್ಳುತ್ತಾನೆ. ನೀಲವ್ವ ರಾಜಕುಮಾರಿ, ವಿಠೋಬಾ ಸುದ್ದಿ ತರುವ ದೂತ, ಫಕೀರಪ್ಪ ಮೇಳದ ಮುಂದಾಳು.

ಗ್ರೀಕರು ನಾಟಕ ಆಡುತ್ತಿದ್ದದ್ದು ಹಗಲಿನಲ್ಲಿ, ಗುಡ್ಡದ ಇಳಿಜಾರಿನಲ್ಲಿ ಜನ ಕೂತು ನೋಡುತ್ತಿದ್ದರು. ನಾನೂ ಹಠ ಹಿಡಿದೆ, ಹಗಲೇ ಆಗಬೇಕು, ಇಳಿಜಾರೇ ಬೇಕು. ದಾಂಡೇಲಿಯಲ್ಲಿ ಎಲ್ಲಿ ನಿಂತರೂ ಭೋಂಗಾ. ನೀಲವ್ವ ಹೇಳಿದಳು, "ನಮ್ಮ ಹಳಿಯಾಳದಾಗ ಊರ ಹೊರಗ ಒಂದು ಕೆರಿ ಐತ್ರಿ, ಬ್ಯಾಸಗ್ಯಾಗ ಬತ್ತತೈತಿ. ಏರಿ ಮ್ಯಾಲ ಮಂದಿ ಕುಂದ್ರಲಿ, ನಾವು ಒಣ ಕೆರ್‍ಯಾಗ ಆಡೂಣು." ಬಸ್ಸು ಹತ್ತಿ ಹೋಗಿ ನೋಡಿದೆ. ಅಯ್ಯಯ್ಯೋ, ಏನು ಜಾಗ! ಏರಿ ಅರ್ಧಚಂದ್ರವಾಗಿ ಬಾಗಿತ್ತು. ಕೆಳಗೆ ನಿಂತು ಮೆಲ್ಲಗೆ ಮಾತಾಡಿದರೂ ಮೇಲಿನ ತನಕ ಕೇಳುತ್ತಿತ್ತು. ಗ್ರೀಸಿಗೆ ಹೋಗದೆಯೇ ನಾನು ಗ್ರೀಸ್ ಮುಟ್ಟಿ ಬಂದೆ ಅಂತ ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ಒಂದೇ ಮಾತು ಕೇಳಿದರು.

"ಕೊನೀಗೆ ಮಂಗಳ ಯಾರು ಹಾಡ್ತಾರ?"

"ಮಂಗಳ ಇಲ್ರಿ ಸರ್. ಇದು ದುರಂತ."

"ಮಂಗಳ ಇಲ್ಲದ ನಾಟಕ ನಮ್ಮ ಮಂದಿ ನೋಡಿಲ್ಲವಾ. ಸತ್ತವರು ಎದ್ದು ಮಂಗಳ ಹಾಡಿದ ಮ್ಯಾಲೇ ಮನಿಗೆ ಹೋಗ್ತಾರ."

"ಗ್ರೀಕರು ಹಾಡತಿರಲಿಲ್ರಿ."

"ಗ್ರೀಕರು ಹಳಿಯಾಳದಾಗ ಇರಲಿಲ್ಲ," ಎಂದು ನಸ್ಯದ ಡಬ್ಬಿ ಮುಚ್ಚಿದರು.

ನಾನು ಜಗ್ಗಲಿಲ್ಲ. ಹುಡುಗರಿಗೂ ತಾಕೀತು ಮಾಡಿದೆ, ಮಂಗಳ ಇಲ್ಲ, ಸತ್ತವರು ಏಳುವುದಿಲ್ಲ. ನೀಲವ್ವನಿಗಂತೂ, "ಆಕಾಶ ಕಳಚಿ ಬಿದ್ದರೂ ಕಣ್ಣು ತೆರೀಬ್ಯಾಡ, ನಾ ಹೇಳೂ ತನಕ," ಎಂದಿದ್ದೆ.

ಗ್ರೀಕರ ನಾಟಕದಲ್ಲಿ ಸಾವು ಜನರ ಕಣ್ಣೆದುರು ಆಗುವುದಿಲ್ಲ. ಒಳಗೆ ಆಗುತ್ತದೆ, ದೂತ ಬಂದು ಹೇಳುತ್ತಾನೆ, ಆಮೇಲೆ ಗಾಲಿಯ ಮಣೆಯ ಮೇಲೆ ಶವವನ್ನು ತಳ್ಳಿಕೊಂಡು ಬರುತ್ತಾರೆ. ನಮಗೆ ಗಾಲಿಯ ಮಣೆ ಎಲ್ಲಿಂದ ಬರಬೇಕು? ಕಬ್ಬು ಹೇರುವ ಚಕ್ಕಡಿ ಸಾಕು ಎಂದುಕೊಂಡೆ. ಹಳಿಯಾಳದಲ್ಲಿ ಒಳ್ಳೆಯ ಚಕ್ಕಡಿ ಎಂದರೆ ಶಿವಲಿಂಗಪ್ಪನವರದು. ಅವರನ್ನು ನಾಟಕಕ್ಕೆ ಎಳೆದು ತರಲು ಇದಕ್ಕಿಂತ ಉಪಾಯ ಬೇಕೆ? ನಾನೇ ಅವರ ಅಂಗಡಿಗೆ ಹೋಗಿ ಕೇಳಿದೆ.

"ನಾಟಕದಾಗ ಚಕ್ಕಡಿ ಯಾತಕ್ರಿ?"

"ರಾಜಕುಮಾರಿ ಅದರ ಮ್ಯಾಲ ಬರ್ತಾಳ್ರಿ."

"ನಮ್ಮ ನೀಲಾನ?"

"ನಿಮ್ಮ ನೀಲಾನ."

ಎಷ್ಟಾದರೂ ಅಪ್ಪ. ಮುಖ ಗಂಟಿಕ್ಕಿಕೊಂಡೇ ಇದ್ದರೂ ಮೀಸೆಯ ತುದಿ ಚೂರು ಅಲುಗಿತು. "ಒಯ್ರಿ. ಎತ್ತು ಬೇಕೇನು?" ಎಂದರು. ಎತ್ತು ಬೇಡ, ಹುಡುಗರು ತಳ್ಳುತ್ತಾರೆ ಎಂದೆ. ಯಾವ ಸ್ಥಿತಿಯಲ್ಲಿ ಬರುತ್ತಾಳೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಆಟದ ದಿನ ಮಧ್ಯಾಹ್ನ ಚಕ್ಕಡಿ ಬಂದದ್ದು ನೋಡಿ ನಾನು ಹಣೆ ಹಣೆ ಚಚ್ಚಿಕೊಂಡೆ. ಗಾಲಿಗೆ ಕೆಂಪು ಬಣ್ಣ, ನೊಗಕ್ಕೆ ಮಾವಿನ ತೋರಣ, ಮೇಲೆ ನಾಲ್ಕು ಬಾಳೆಕಂಬ ಕಟ್ಟಿ ಹೂವಿನ ಮಂಟಪ! ಶಿವಲಿಂಗಪ್ಪನವರು ತಮ್ಮ ರಾಜಕುಮಾರಿ ಮೆರವಣಿಗೆಯಲ್ಲಿ ಬರುತ್ತಾಳೆಂದು ಎರಡು ಆಳು ಹಚ್ಚಿ ಸಿಂಗಾರ ಮಾಡಿಸಿದ್ದರು. ಬಿಚ್ಚಲು ಹೊತ್ತಿರಲಿಲ್ಲ. ಏರಿಯ ತುಂಬ ಜನ ಆಗಲೇ ತುಂಬಿದ್ದರು, ಸುತ್ತಲ ಹಳ್ಳಿಯವರು, ಹೆಂಗಸರು, ಬುತ್ತಿಗಂಟು, ಶೇಂಗಾ ಪುಟ್ಟಿ. ನಡುವೆ ಬಿಳಿ ರುಮಾಲು, ಶಿವಲಿಂಗಪ್ಪನವರು. ಅವರ ಪಕ್ಕದಲ್ಲೇ ನಮ್ಮ ಕುಲಕರ್ಣಿ ಸಾಹೇಬರು ಛತ್ರಿ ಬಿಚ್ಚಿಕೊಂಡು ಕೂತಿದ್ದರು. ಚಕ್ಕಡಿಯನ್ನು ಕೆರೆಯ ತೂಬಿನ ಹಿಂದೆ ಮರೆಮಾಡಿಸಿ, "ಕೊನೀಗೆ ಆಕೀನ ಮಲಗಿಸಿ ತರ್ರಿ," ಎಂದು ಫಕೀರಪ್ಪನಿಗೆ ಹೇಳಿ ನಾನು ಮುಂದೆ ಓಡಿದೆ.

ನಾಟಕ ಶುರುವಾಯಿತು. ಏನು ಹೇಳಲಿ ಆ ಜನರನ್ನು! ರಾಜ ಬಾಗಿಲು ತೆರೆಯಕೂಡದು ಅಂದಾಗ ಛೀ ಅಂದರು. ನೀಲವ್ವ ಬಾಗಿಲು ತೆಗೆದಾಗ ಹೆಂಗಸರು "ಭೇಷ್ ಮಗಳ" ಎಂದು ಕೂಗಿದರು. ಎದುರು ನಿಂತು ಮಗಳು ಕೇಳುತ್ತಾಳೆ, "ಅಪ್ಪಾ, ನಿನ್ನ ಮಾತು ದೊಡ್ಡದೋ, ಹಸಿದವರ ಜೀವ ದೊಡ್ಡದೋ?" ರಾಜ ಮುಖ ತಿರುಗಿಸುತ್ತಾನೆ. ಆಗ ಏರಿಯ ಮೇಲಿನಿಂದ ಒಂದು ದನಿ ಗುಡುಗಿತು.

"ಏ ರಾಜಾ! ಮಗಳ ಮಾತು ಕೇಳಲೇ! ಆಕಿ ಹೇಳೂದು ಖರೇ ಐತಿ!"

ತಿರುಗಿ ನೋಡಿದೆ. ಬಿಳಿ ರುಮಾಲು ಎದ್ದು ನಿಂತಿತ್ತು. ಜನ ಅವರ ಧೋತರ ಹಿಡಿದು ಜಗ್ಗಿ ಕೂಡಿಸಿದರು.

ವಿಠೋಬಾ ದೂತನಾಗಿ ಓಡಿ ಬಂದ. ರಾಜಕುಮಾರಿ ವಿಷದ ಬಟ್ಟಲನ್ನು ಹೇಗೆ ಎತ್ತಿದಳು, ತುಟಿಗೆ ಹೇಗೆ ಮುಟ್ಟಿಸಿದಳು, ಹೇಗೆ ಒರಗಿದಳು, ಎಲ್ಲವನ್ನೂ ಕೈಕಾಲು ಬೀಸಿ ಹೇಳಿದ. ಹೇಳಿ ಮುಗಿಸಿದ್ದೇ ತಡ, ಏರಿಯಿಂದ ಕೂಗು, "ವನ್ಸ್ ಮೋರ್!" ಕಂಪನಿ ನಾಟಕ ನೋಡಿದ ಜನ, ಚಲೋ ಅನಿಸಿದ್ದನ್ನು ಇನ್ನೊಮ್ಮೆ ಕೇಳದೆ ಬಿಡುವುದಿಲ್ಲ. ನಾನು ಮೇಳದ ಬದಿಯಿಂದ ಬೇಡ ಬೇಡ ಎಂದು ಕೈ ಆಡಿಸಿದೆ. ವಿಠೋಬಾ ನನ್ನ ಕಡೆ ನೋಡಿದ, ಜನರ ಕಡೆ ನೋಡಿದ. ಕತ್ತೆ! ಕೈ ಮುಗಿದು, ಬಂದ ದಾರಿಗೆ ಹಿಂದೆ ಓಡಿ, ಮತ್ತೆ ಓಡಿ ಬಂದು, ಮೊದಲಿನಿಂದ ಹೇಳಿದ. ನನ್ನ ರಾಜಕುಮಾರಿ ಎರಡು ಸಲ ವಿಷ ಕುಡಿದಳು. ಎರಡನೆಯ ಸಲ ಇನ್ನೂ ಚೆನ್ನಾಗಿ ಹೇಳಿದ ಅನ್ನುವುದು ಬೇರೆ ಮಾತು. ಜನರ ಚಪ್ಪಾಳೆ, ಸಿಳ್ಳೆ. ದುರಂತ ಹೋಗಿ ಜಾತ್ರೆಯಾಯಿತು, ಎಲ್ಲ ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಚಕ್ಕಡಿ ಬಂತು. ಸಿಳ್ಳೆ ನಿಂತಿತು.

ಹುಡುಗರು ನೀಲವ್ವನನ್ನು ಮಲಗಿಸಿರಲಿಲ್ಲ. ಹೂವಿನ ಮಂಟಪದ ಕೆಳಗೆ ಕೂಡಿಸಿದ್ದರು. ಬೆನ್ನು ಬಾಳೆಕಂಬಕ್ಕೆ ಆನಿಸಿ, ಕಣ್ಣು ಮುಚ್ಚಿ, ಕೊರಳಿಗೆ ಹಾರ ಹಾಕಿ, ಹಣೆಗೆ ವಿಭೂತಿ ಹಚ್ಚಿದ್ದರು. ನನಗೆ ಒಂದು ಗಳಿಗೆ ತಿಳಿಯಲೇ ಇಲ್ಲ. ಆಮೇಲೆ ತಿಳಿಯಿತು. ಏರಿಯ ಮೇಲೆ ಕೂತಿದ್ದ ಬಹಳಷ್ಟು ಮಂದಿಯ ಮನೆಗಳಲ್ಲಿ, ಫಕೀರಪ್ಪನ ಮನೆಯಲ್ಲಿ, ನೀಲವ್ವನ ಮನೆಯಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ. ಹೀಗೆ ಕೂಡಿಸಿ, ಹೀಗೆ ಹೂ ಕಟ್ಟಿದ ವಿಮಾನದಲ್ಲಿ, ಅಂದರೆ ಶವದ ಮಂಟಪದಲ್ಲಿ, ಮಣ್ಣಿಗೆ ಒಯ್ಯುತ್ತಾರೆ. ಶಿವಲಿಂಗಪ್ಪನವರು ಮೆರವಣಿಗೆಗೆಂದು ಕಟ್ಟಿಸಿದ ಮಂಟಪ ಅದೇ ಆಗಿಬಿಟ್ಟಿತ್ತು.

ಜನ ಎದ್ದು ನಿಂತರು. ಯಾರೂ ಹೇಳಲಿಲ್ಲ, ತಾವೇ ಎದ್ದರು. ಕಾಲಿನ ಚಪ್ಪಲಿ ಬಿಟ್ಟರು. ಒಬ್ಬ ಮುದುಕಿ ಸೆರಗು ಬಾಯಿಗೆ ಹಿಡಿದಳು. ರಾಜನ ಪಾತ್ರದ ಹುಡುಗ "ನನ್ನ ಮಾತು ಉಳಿಯಿತು, ನನ್ನ ಮಗಳು ಉಳಿಯಲಿಲ್ಲ" ಎಂದು ಕೊನೆಯ ಮಾತು ಹೇಳಿ ಮಂಡಿಯೂರಿದ. ಅಲ್ಲಿಗೆ ನಾಟಕ ಮುಗಿಯಿತು. ಇದೇ, ಇದನ್ನೇ ನಾನು ಬೆಂಚಿನ ಮೇಲೆ ಕೂತವರಿಗೆ ಅಷ್ಟು ದಿನ ಹೇಳಲು ಒದ್ದಾಡಿದ್ದು!

ಆದರೆ ಜನ ಕದಲಲಿಲ್ಲ. ನಿಂತೇ ಇದ್ದರು. ಮಂಗಳಕ್ಕೆ ಕಾಯುತ್ತಿದ್ದರು. ಮೇಳದ ಹುಡುಗರು ನನ್ನ ಕಡೆ ನೋಡಿದರು, ನಾನು ತುಟಿ ಬಿಗಿ ಹಿಡಿದು ತಲೆ ಅಲ್ಲಾಡಿಸಿದೆ. ಮಂಗಳ ಇಲ್ಲ ಅಂದರೆ ಇಲ್ಲ.

ಏರಿಯ ಇಳಿಜಾರಿನಲ್ಲಿ ಶಿವಲಿಂಗಪ್ಪನವರು ಇಳಿದು ಬರುತ್ತಿದ್ದರು. ಬರಿಗಾಲಲ್ಲಿ, ರುಮಾಲು ಕೈಯಲ್ಲಿ. ಜನ ದಾರಿ ಬಿಟ್ಟರು. ಒಣ ಕೆರೆಯ ನಡುವೆ ನಡೆದು ಬಂದು ಚಕ್ಕಡಿಯ ಮುಂದೆ ನಿಂತರು. ಹೊಡೆಯಲು ಬಂದರೆಂದೇ ಫಕೀರಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ನೀಲಾ," ಎಂದರು ಅವರು. "ಏಳವಾ."

ಆ ಹುಡುಗಿ ಅಲುಗಲಿಲ್ಲ. ನಾನು ಹೇಳಿದ್ದೆನಲ್ಲ, ಆಕಾಶ ಬಿದ್ದರೂ ಅಂತ.

"ಏ ನೀಲಾ. ಏಳ, ನನ್ನವ್ವಾ. ಆಟ ಮುಗೀತು. ಮನಿಗೆ ಹೋಗೂಣು."

ರೆಪ್ಪೆಯೂ ಮಿಡಿಯಲಿಲ್ಲ. ಶಿವಲಿಂಗಪ್ಪನವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಅವರ ಕೈ ಮುಂದೆ ಬಂದು ಮಗಳ ಕೆನ್ನೆಯ ಹತ್ತಿರ ನಿಂತಿತು, ಮುಟ್ಟಲು ಧೈರ್ಯವಿಲ್ಲದೆ. ಅದನ್ನು ನನ್ನಿಂದ ನೋಡಲಾಗಲಿಲ್ಲ. ಗ್ರೀಕರೂ ಬೇಡ, ಅವರ ನಿಯಮವೂ ಬೇಡ.

"ನೀಲಾ! ಕಣ್ಣು ತೆರಿಯೇ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಕಣ್ಣು ತೆರೆದಳು. ಮುಂದೆ ಅಪ್ಪ. "ಅಪ್ಪಾ... ಚಲೋ ಆತೇನು?" ಎಂದಳು.

ಶಿವಲಿಂಗಪ್ಪನವರು ಗೊಳೋ ಎಂದು ಅತ್ತುಬಿಟ್ಟರು, ಅಷ್ಟು ಜನರ ಮುಂದೆ. ಅಳುತ್ತಲೇ ಫಕೀರಪ್ಪನ ಕಡೆ ತಿರುಗಿ ಗದರಿದರು. "ಏನ್ ನೋಡ್ಕೋತ ನಿಂತೀಯೋ? ಮಂಗಳ ಹಾಡಲೇ!"

ಫಕೀರಪ್ಪ ನನ್ನ ಅಪ್ಪಣೆಗೆ ಕಾಯಲೇ ಇಲ್ಲ. ತನ್ನೂರ ಭಜನೆಯ ಮಂಗಳವನ್ನು ಎತ್ತಿಕೊಂಡ, ಏರಿಯ ಮೇಲಿದ್ದವರೆಲ್ಲ ದನಿಗೂಡಿಸಿದರು. ಹೆಂಗಸರು ಕೆಳಗಿಳಿದು ಬಂದರು. ಯಾರೋ ಹತ್ತಿರದ ಮನೆಯಿಂದ ತಾಟು ತಂದರು, ಅರಿಶಿನ ಸುಣ್ಣದ ಕೆಂಪು ನೀರು, ದೀಪ. ನೀಲವ್ವನಿಗೆ ಆರತಿ ಎತ್ತಿ ದೃಷ್ಟಿ ತೆಗೆದರು. ಸತ್ತು ಬದುಕಿದವಳ ದೃಷ್ಟಿ! ವಿಠೋಬಾ ನಾಚಿಕೆಯಿಲ್ಲದೆ ತಾನೂ ತಲೆ ಒಡ್ಡಿದ, ಅವನಿಗೂ ತೆಗೆದರು. ನನ್ನ ಶುದ್ಧ ಗ್ರೀಕ್ ದುರಂತ ಹೀಗೆ ಅರಿಶಿನ ನೀರಿನಲ್ಲಿ ಕೊಚ್ಚಿಹೋಯಿತು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಕುಲಕರ್ಣಿ ಸಾಹೇಬರು ಛತ್ರಿ ಮಡಚುತ್ತ ಬಂದು ನನ್ನ ಮುಂದೆ ನಸ್ಯದ ಡಬ್ಬಿ ಹಿಡಿದರು. ಅಷ್ಟು ಸಲಿಗೆ ಅವರು ಯಾರಿಗೂ ತೋರಿಸಿದವರಲ್ಲ.

"ಮಲಗಿಸು ಅಂದಿದ್ದೆನಲ್ಲೋ ನಿನಗ," ಎಂದು ಫಕೀರಪ್ಪನನ್ನು ಹಿಡಿದೆ.

"ಮನಸಾಗಲಿಲ್ರಿ ಬಾಯಾರ," ಎಂದ ತಲೆ ತಗ್ಗಿಸಿ. "ಮಂಟಪ ನೋಡಿದ ಮ್ಯಾಲ ಮಲಗಸಾಕ ಕೈ ಬರಲಿಲ್ಲ. ನಮ್ಮಾಗ ಹಂಗ ಮಾಡೂದಿಲ್ರಿ."

ಅವನಿಗೆ ಬಯ್ಯಲಿಲ್ಲ. ಏನಂತ ಬಯ್ಯುವುದು? ಪುಸ್ತಕದ ಗ್ರೀಕರನ್ನು ನಾನು ತಂದೆ, ಸಾವು ಹೇಗಿರುತ್ತದೆ ಎನ್ನುವುದನ್ನು ಅವನು ತಂದ. ಅವೆರಡೂ ಸೇರದಿದ್ದರೆ ಆ ಏರಿಯ ಮೇಲೆ ಯಾರೂ ಎದ್ದು ನಿಲ್ಲುತ್ತಿರಲಿಲ್ಲ. ಹೊಸದಾಗಿ ಪಾಠಕ್ಕೆ ನಿಲ್ಲುವವರೇ, ಹುಡುಗರು ನಿಮ್ಮ ಮಾತು ಮೀರಿದರೆ ಕೂಡಲೇ ಕೋಲು ಎತ್ತಬೇಡಿ. ಕೆಲವು ಸಲ ಪಾಠ ಅಲ್ಲಿಂದಲೇ ಶುರುವಾಗುತ್ತದೆ.

ಜನ ಕರಗುತ್ತಿದ್ದರು. ಶೇಂಗಾ ಪುಟ್ಟಿಗಳು ಏರಿ ಹತ್ತುತ್ತಿದ್ದವು. ಶಿವಲಿಂಗಪ್ಪನವರು ಚಕ್ಕಡಿಯ ತೋರಣ ಬಿಚ್ಚುತ್ತ ನಿಂತಿದ್ದರು, ನನ್ನನ್ನು ನೋಡಿ ಹತ್ತಿರ ಬನ್ನಿ ಎಂದು ಕೈ ಮಾಡಿದರು. ಈಗ ಕೇಳಿಸಿಕೊಳ್ಳಬೇಕು ಎಂದು ನಾನು ಸೆರಗು ಸುತ್ತಿಕೊಂಡು ಹೋದೆ. ಪರೀಕ್ಷೆಗೂ ಕಳಿಸುವುದಿಲ್ಲ ಅನ್ನುತ್ತಾರೋ ಏನೋ. ಹಿಂದೆ ನೀಲವ್ವ ಕೊರಳ ಹಾರ ತೆಗೆಯದೆ ನಿಂತಿದ್ದಳು.

"ಬಾಯಾರ, ನೀವು ನನಗ ಸರಿಯಾಗಿ ಹೇಳಲಿಲ್ಲ," ಎಂದರು. ಕಣ್ಣು ಇನ್ನೂ ಕೆಂಪಗಿದ್ದವು.

"ನೀವು ಕೇಳಲಿಲ್ರಿ," ಎಂದೆ.

"ಹೆಣ ಹೊತ್ತ ಚಕ್ಕಡಿ ಆತು, ಈಗ ತೊಳಿಸಬೇಕು. ಗಾಲಿ ಸುದ್ಧಾ."

"ಹುಡುಗರನ್ನ ಹಚ್ತೇನ್ರಿ."

ಅವರು ತೋರಣದ ಕೊನೆಯ ಗಂಟು ಬಿಚ್ಚಿದರು. ಮಾವಿನ ಎಲೆಗಳನ್ನು ಮಡಚಿ ಚಕ್ಕಡಿಯಲ್ಲಿಟ್ಟರು. ಮಗಳ ಕಡೆ ಒಮ್ಮೆ ನೋಡಿ, ರುಮಾಲನ್ನು ಮತ್ತೆ ತಲೆಗೆ ಸುತ್ತತೊಡಗಿದರು.

"ಮುಂದಿನ ವರ್ಷ ಆಕೀನ ಕೊಲ್ಲೂದಿದ್ರ ಮೊದಲ ಹೇಳ್ರಿ," ಎಂದರು. "ಆರತಿ ತಾಟು ನಾನ ತರ್ತೇನಿ."